ಹದಿನೆಂಟು ಅಡಿ ಎತ್ತರಕ್ಕೆ ನೆತ್ತರು

ಕಡಲೆಕಾಯಿ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಳೆ ಕೀಳುತ್ತಿರುವಾಗ, ಬದುವಿನಿಂದ ಯಾರೋ ಕೂಗಿದರೆಂದು ತಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಒಂದೆರಡು ಕ್ಷಣ ತಲೆ ತಿರುಗಿ ಮತ್ತೆ ಸರಿಹೋಗುತ್ತದೆ. ರಕ್ತ ಕಮ್ಮಿ, ಬಿಸಿಲು ಜಾಸ್ತಿ, ಬೆಳಗ್ಗೆ ಸರಿಯಾಗಿ ಉಂಡಿಲ್ಲ ಎಂದು ಏನೇನೋ ಕಾರಣ ಹೇಳಿಕೊಳ್ಳುತ್ತೇವೆ. ಅವೂ ಸೇರಿರಬಹುದು. ಆದರೆ ಮುಖ್ಯವಾಗಿ ನಡೆಯುವುದು ಇಷ್ಟೇ: ಎದ್ದ ಕೂಡಲೇ ಒಂದಷ್ಟು ನೆತ್ತರು ತನ್ನ ತೂಕಕ್ಕೆ ತಾನೇ ಕಾಲಿನ ಕಡೆ ಇಳಿದುಬಿಡುತ್ತದೆ. ಹೃದಯಕ್ಕೆ ಮರಳಿ ಬರುವ ನೆತ್ತರು ಕಡಿಮೆಯಾಗುತ್ತದೆ, ಅದು ಮೇಲಕ್ಕೆ ತಳ್ಳುವುದೂ ಕಡಿಮೆಯಾಗುತ್ತದೆ, ಮಿದುಳಿಗೆ ಒಂದು ಗಳಿಗೆ ಕೊರತೆ ಬೀಳುತ್ತದೆ. ಕತ್ತಿನ ದೊಡ್ಡ ನಾಳದ ಗೋಡೆಯಲ್ಲಿ ಒತ್ತಡವನ್ನು ಅರಿಯುವ ನರತುದಿಗಳಿವೆ. ಅವು ಸುದ್ದಿ ಮುಟ್ಟಿಸಿದ ಮೇಲೆ ಹೃದಯ ಬೇಗ ಬಡಿದು, ಕಾಲಿನ ನಾಳಗಳು ಬಿಗಿದುಕೊಂಡು, ಲೆಕ್ಕ ಸರಿಯಾಗುತ್ತದೆ.

ಇಷ್ಟೆಲ್ಲ ಆಗುವಷ್ಟರಲ್ಲಿ ನಮ್ಮ ತಲೆ ಮೇಲೇರಿದ್ದು ಎರಡು ಮೂರು ಅಡಿ.

ಈಗ ಜಿರಾಫೆಯನ್ನು ನೆನೆಯಿರಿ. ಮೈಸೂರಿನ ಮೃಗಾಲಯಕ್ಕೆ ಹೋಗಿಬಂದ ಮಕ್ಕಳೆಲ್ಲರೂ ಅದನ್ನು ಕಂಡಿರುತ್ತಾರೆ. ಪೂರ್ತಿ ಬೆಳೆದ ಗಂಡು ಹದಿನೆಂಟು ಅಡಿ ಎತ್ತರ ನಿಲ್ಲಬಲ್ಲದು. ಹೆಣ್ಣು ಹದಿನಾಲ್ಕು ಹದಿನೈದು ಅಡಿ. ನೀರು ಕುಡಿಯಬೇಕಾದರೆ ಮುಂಗಾಲುಗಳನ್ನು ಅಗಲಿಸಿ ತಲೆಯನ್ನು ನೆಲದವರೆಗೆ ತರುತ್ತದೆ. ಏನಾದರೂ ಸದ್ದಾದರೆ ಕೆಲವೇ ಸೆಕೆಂಡುಗಳಲ್ಲಿ ಆ ತಲೆ ಮತ್ತೆ ಮರದ ತುದಿಯ ಎತ್ತರಕ್ಕೆ ಹೋಗಿರುತ್ತದೆ. ಮೂರು ಅಡಿಗೆ ನಾವು ತತ್ತರಿಸುವುದಾದರೆ ಹದಿನೈದು ಅಡಿ ಏರಿದ ಜಿರಾಫೆ ಯಾಕೆ ಕುಸಿದು ಬೀಳುವುದಿಲ್ಲ? ಅಷ್ಟು ಕೆಳಗೆ ಬಗ್ಗಿದಾಗ ನೆತ್ತರೆಲ್ಲ ತಲೆಗೆ ನುಗ್ಗಿ ಮಿದುಳಿನ ನಾಳ ಯಾಕೆ ಒಡೆಯುವುದಿಲ್ಲ?

ಪ್ರಶ್ನೆಯನ್ನು ಇನ್ನೂ ಬಿಗಿಗೊಳಿಸುವ ಸಂಗತಿಯೊಂದಿದೆ. ಜಿರಾಫೆಯ ರಕ್ತದೊತ್ತಡ ನಮ್ಮದಕ್ಕಿಂತ ಎರಡರಷ್ಟಕ್ಕೂ ಹೆಚ್ಚು. ನಮ್ಮಲ್ಲಿ ಯಾರಿಗಾದರೂ ಅಷ್ಟು ಬಿ.ಪಿ. ಬಂದರೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಜಿರಾಫೆ ಅದೇ ಒತ್ತಡದಲ್ಲಿ ಹುಟ್ಟಿ ಬೆಳೆದ ಪ್ರಾಣಿಯಂತೆ ನೆಮ್ಮದಿಯಾಗಿ ಸೊಪ್ಪು ತಿಂದುಕೊಂಡು ಇಪ್ಪತ್ತು ವರ್ಷ ದಾಟಿ ಬದುಕುತ್ತದೆ.

ಮೈದನಹಳ್ಳಿಯ ನೆಂಟರು

ಜಿರಾಫೆ ಆಫ್ರಿಕಾದ್ದು, ನಮಗೂ ಅದಕ್ಕೂ ಏನು ಸಂಬಂಧ ಎನ್ನುವಂತಿಲ್ಲ. ಕೊಡಿಗೇನಹಳ್ಳಿ ಹೋಬಳಿಯ ಮೈದನಹಳ್ಳಿ ಬಯಲಿನಲ್ಲಿ ಅದರ ನೆಂಟರಿದ್ದಾರೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು 2007ರಲ್ಲಿ ಘೋಷಣೆಯಾದ ಸುಮಾರು 798 ಎಕರೆ ಹುಲ್ಲುಗಾವಲದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅಲ್ಲಿ ಮೇಯುವ ಕೃಷ್ಣಮೃಗ, ಅದರ ಪಕ್ಕದ ಹೊಲದಲ್ಲಿ ಮಂದೆ ಹಾಕಿರುವ ಕುರಿ, ಹಟ್ಟಿಯ ಹಸು, ಮೈಸೂರಿನ ಜಿರಾಫೆ, ಇವೆಲ್ಲ ಒಂದೇ ದೊಡ್ಡ ಬಳಗ. ಗೊರಸು ಸೀಳಿರುವ, ಮೆಲುಕು ಹಾಕುವ ಪ್ರಾಣಿಗಳು. ಜಿರಾಫೆ ಮೆಲುಕು ಹಾಕುವಾಗ ಗಮನವಿಟ್ಟು ನೋಡಿದರೆ ಹೊಟ್ಟೆಯಿಂದ ಹೊರಟ ಮೇವಿನ ಉಂಡೆಯೊಂದು ಕತ್ತಿನುದ್ದಕ್ಕೂ ಉಬ್ಬಿಕೊಂಡು ಮೇಲೇರುವುದು ಕಾಣಿಸುತ್ತದೆ. ಕತ್ತಿನ ಮೂಳೆಗಳೂ ಕುರಿಗೆ ಇರುವಷ್ಟೇ, ನಮಗೆ ಇರುವಷ್ಟೇ: ಏಳು. ಒಂದೊಂದೂ ಬಲು ಉದ್ದ, ಅಷ್ಟೇ.

ಜಿರಾಫೆಯ ಬಳಗದ ಹಳೆಯ ಕವಲುಗಳು ನಮ್ಮ ದೇಶದಲ್ಲೂ ಓಡಾಡಿದ್ದವು. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ಭಾರೀ ತಲೆಬುರುಡೆಯೊಂದಕ್ಕೆ ಫಾಲ್ಕನರ್ ಮತ್ತು ಕಾಟ್ಲಿ ಎಂಬವರು 1836ರಲ್ಲಿ ಶಿವನ ಹೆಸರನ್ನು ಸೇರಿಸಿ ‘ಶಿವಥೀರಿಯಂ’ ಎಂದು ಕರೆದರು. ಅದು ಜಿರಾಫೆಯ ಕುಟುಂಬದ್ದು, ಕತ್ತು ಮಾತ್ರ ಗಿಡ್ಡ.

ಈ ನೆಂಟಸ್ತಿಕೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಜಿರಾಫೆಯ ಹೃದಯ, ನಾಳ, ಕಿಡ್ನಿ ಯಾವುದೂ ಹೊಸದಾಗಿ ಎರಕ ಹೊಯ್ದದ್ದಲ್ಲ. ಕುರಿಗೂ ಕೃಷ್ಣಮೃಗಕ್ಕೂ ಇರುವ ಅವೇ ಅಂಗಗಳು ಕತ್ತು ಉದ್ದವಾದ ಹಾಗೆಲ್ಲ ಒಂದು ಲೆಕ್ಕಕ್ಕೆ ಒಗ್ಗಿಕೊಳ್ಳುತ್ತ ಬಂದಿವೆ. ಆ ಲೆಕ್ಕ ಮಧುಗಿರಿ, ಸಿರಾ, ಪಾವಗಡದ ರೈತರಿಗೆ ಚೆನ್ನಾಗಿ ಗೊತ್ತಿರುವಂಥದ್ದು.

ಬೋರ್‌ವೆಲ್ ಲೆಕ್ಕ

ಬೋರ್ ಕೊರೆಸಿದವರನ್ನು ಕೇಳಿ. ನೀರು ಎಷ್ಟು ಅಡಿಗೆ ಸಿಕ್ಕಿತು, ಮೋಟರನ್ನು ಎಷ್ಟು ಅಡಿಗೆ ಇಳಿಸಿದ್ದೀರಿ, ಎಷ್ಟು ಎಚ್.ಪಿ., ಎಷ್ಟು ಸ್ಟೇಜು ಎಂದು ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ. ಇನ್ನೂರು ಅಡಿಗೆ ಸಾಕಾಗುತ್ತಿದ್ದ ಪಂಪನ್ನು ಆರುನೂರು ಅಡಿಗೆ ಇಳಿಸಿದರೆ ಮೋಟರು ತಿರುಗುತ್ತದೆ, ಕರೆಂಟು ಖರ್ಚಾಗುತ್ತದೆ, ಮೇಲೆ ಮಾತ್ರ ನೀರು ಬೀಳುವುದಿಲ್ಲ. ಪೈಪಿನೊಳಗೆ ನಿಂತ ನೀರಿನ ಕಂಬಕ್ಕೆ ತೂಕವಿದೆ. ಆ ತೂಕವನ್ನು ಹೊತ್ತು ನಿಲ್ಲುವಷ್ಟು ಒತ್ತಡ ಪಂಪಿನ ಬಾಯಲ್ಲೇ ಇರಬೇಕು. ಪ್ರತಿ ಅಡಿಗೂ ಇಷ್ಟಿಷ್ಟು ಎಂದು ಅದು ಕರಾರುವಾಕ್ಕಾಗಿ ಕೂಡುತ್ತ ಹೋಗುತ್ತದೆ. ಪೈಪು ಇಳಿಸುವವರಿಗೆ ಇನ್ನೊಂದೂ ಗೊತ್ತು: ತುದಿಯ ಪೈಪಿನಲ್ಲಿ ಒತ್ತಡ ಅಷ್ಟಕ್ಕಷ್ಟೆ, ಮೋಟರಿನ ಪಕ್ಕದ ತಳದ ಪೈಪೇ ಅತಿ ಹೆಚ್ಚು ತಡೆದುಕೊಳ್ಳಬೇಕು. ಒಂದೇ ಪೈಪು, ಒಂದೇ ನೀರು, ಆದರೆ ಒತ್ತಡ ಪ್ರತಿ ಅಡಿಗೂ ಬೇರೆ.

ರಕ್ತದೊತ್ತಡವೂ ಹಾಗೇ. ದೇಹಕ್ಕೆಲ್ಲ ಒಂದೇ ಬಿ.ಪಿ. ಎಂದು ನಾವು ಮಾತಾಡುತ್ತೇವೆ. ನಿಂತ ಮನುಷ್ಯನ ಹಣೆಯಲ್ಲಿ ಒಂದು ಒತ್ತಡ, ತೋಳಿನಲ್ಲಿ ಒಂದು, ಪಾದದಲ್ಲಿ ಮತ್ತೊಂದು. ಬಿ.ಪಿ. ನೋಡುವಾಗ ನರ್ಸಮ್ಮ ‘ಕೈಯನ್ನು ಮೇಜಿನ ಮೇಲೆ ಇಡಿ’ ಎನ್ನುವುದು ತೋಳು ಹೃದಯದ ಮಟ್ಟಕ್ಕೆ ಇರಲಿ ಎಂದು. ಕೈಯನ್ನು ಮೇಲೆತ್ತಿಕೊಂಡು ನೋಡಿಸಿಕೊಂಡರೆ ಅಂಕಿ ಇಳಿದು ತೋರಿಸುತ್ತದೆ, ಜೋತುಬಿಟ್ಟರೆ ಏರುತ್ತದೆ.

ಈ ಅಂಕಿಯನ್ನು ಪಾದರಸದ ಎತ್ತರದಲ್ಲಿ ಹೇಳುವುದು ವಾಡಿಕೆ. 120 ಎಂದರೆ ಪಾದರಸವನ್ನು 120 ಮಿಲಿಮೀಟರ್ ಎತ್ತಬಲ್ಲ ಒತ್ತಡ. ಪಾದರಸ ಬಲು ಭಾರ. ಅದೇ ಒತ್ತಡ ನೆತ್ತರನ್ನಾದರೆ ಸುಮಾರು ಐದು ಅಡಿ ಎತ್ತುತ್ತದೆ. ಒಂದು ಅಡಿ ನೆತ್ತರಿಗೆ ಹೆಚ್ಚುಕಡಿಮೆ 24 ಮಿಲಿಮೀಟರ್ ಪಾದರಸ ಎಂದು ನೆನಪಿಟ್ಟುಕೊಂಡರೆ ಈ ಅಧ್ಯಾಯಕ್ಕೆ ಬೇಕಾದ ಗಣಿತ ಮುಗಿಯಿತು.

ಇದನ್ನು ಕಣ್ಣಾರೆ ಕಂಡವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಹೆಣ್ಣುಕುದುರೆಯೊಂದನ್ನು ಮಲಗಿಸಿ, ಅದರ ನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ನೆತ್ತರು ಕೊಳವೆಯಲ್ಲಿ ಎಂಟು ಅಡಿ ಮೂರು ಅಂಗುಲ ಏರಿ ನಿಂತಿತು. 1733ರಲ್ಲಿ ಆತ ಇದನ್ನು ಅಚ್ಚುಮಾಡಿಸಿದ. ಪ್ರಯೋಗ ಕ್ರೂರವಾದದ್ದು, ಈಗ ಯಾರೂ ಹಾಗೆ ಮಾಡಲು ಒಪ್ಪುವುದಿಲ್ಲ. ಆದರೂ ಒತ್ತಡವೆಂದರೆ ಎತ್ತರ ಎಂಬ ಮಾತನ್ನು ಅದರಷ್ಟು ನೇರವಾಗಿ ಇನ್ನಾವುದೂ ತೋರಿಸಿಲ್ಲ.

ಈಗ ಜಿರಾಫೆಯ ಲೆಕ್ಕ ಹಾಕೋಣ. ಹೃದಯದಿಂದ ಮಿದುಳಿಗೆ ಸುಮಾರು ಎರಡು ಮೀಟರ್, ಆರೂವರೆ ಅಡಿ. ಅಷ್ಟು ಎತ್ತರಕ್ಕೇ 155 ಖರ್ಚಾಯಿತು. ಮೇಲೆ ಹೋದ ಮೇಲೆ ಮಿದುಳಿನೊಳಗೆ ಹರಿಯಲು ಇನ್ನೊಂದು ಎಂಬತ್ತೋ ತೊಂಬತ್ತೋ ಉಳಿದಿರಬೇಕು. ಕೂಡಿದರೆ 240ರ ಸುತ್ತಮುತ್ತ. ನಮ್ಮ ಸರಾಸರಿ 90ರಿಂದ 100. ಜೀವಂತ ಜಿರಾಫೆಗಳಲ್ಲಿ ಅಳೆದಾಗಲೂ ಹೃದಯದ ಮಟ್ಟದಲ್ಲಿ ಸರಾಸರಿಯೇ 200ರ ಆಸುಪಾಸಿನಿಂದ ಮೇಲಕ್ಕೆ ಸಿಕ್ಕಿದೆ. ಮಿದುಳಿನ ಹತ್ತಿರ ಅಳೆದರೆ? ಹೆಚ್ಚುಕಡಿಮೆ ನಮ್ಮಷ್ಟೇ. ಜಿರಾಫೆಗೆ ಬಿ.ಪಿ. ಇದೆ ಎನ್ನುವುದು ಅದರ ಎದೆಯ ಮಾತು, ತಲೆಯ ಮಾತಲ್ಲ. ಕಾಯಿಲೆಯ ಹೆಸರಾಗಿ ನಮಗೆ ಪರಿಚಯವಾದ ಆ ದೊಡ್ಡ ಅಂಕಿ ಇಲ್ಲಿ ಎತ್ತರಕ್ಕೆ ತೆತ್ತ ಬಾಡಿಗೆ.

ಅಳೆಯಲು ಹೋದವರು

ಇದನ್ನು ಮೊದಲು ಸರಿಯಾಗಿ ಅಳೆದವರಲ್ಲಿ ರಾಬರ್ಟ್ ಗೆಟ್ಜ್ ಮುಖ್ಯ. ಜರ್ಮನಿಯಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ. 1950ರ ದಶಕದಲ್ಲಿ ಜಿರಾಫೆಗಳನ್ನು ಹಿಡಿದು ಅವುಗಳ ನಾಳಗಳೊಳಗೆ ಒತ್ತಡ ಅಳೆಯುವ ಕೆಲಸಕ್ಕೆ ಇಳಿದ. ಅದೇ ಮನುಷ್ಯ ಮುಂದೆ ಅಮೆರಿಕಕ್ಕೆ ಹೋಗಿ, 1960ರಲ್ಲಿ ನ್ಯೂಯಾರ್ಕಿನಲ್ಲಿ ಮನುಷ್ಯನ ಹೃದಯಕ್ಕೆ ಬೈಪಾಸ್ ಮಾಡಿ ಯಶಸ್ವಿಯಾದ ಮೊದಲಿಗರಲ್ಲಿ ಒಬ್ಬನಾದ. ನನಗೆ ಇದು ಬಿಡಿಬಿಡಿ ಸಂಗತಿಗಳಂತೆ ಕಾಣುವುದಿಲ್ಲ. ನೆತ್ತರು ಹರಿಯುವ ದಾರಿಯ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದವನಿಗೆ ಮುಚ್ಚಿದ ದಾರಿಯನ್ನು ಬಳಸಿಕೊಂಡು ಹೋಗುವ ಹೊಸ ದಾರಿಯೂ ಕಂಡಿರಬೇಕು.

ಹಿಡಿದು ಕಟ್ಟಿದ, ಮತ್ತು ಬರಿಸಿದ ಪ್ರಾಣಿಯ ಒತ್ತಡ ಸಹಜವಾದದ್ದಲ್ಲ ಎಂಬ ಆಕ್ಷೇಪಣೆ ಇದ್ದೇ ಇತ್ತು. 1960ರ ದಶಕದಲ್ಲಿ ರಾಬರ್ಟ್ ವಾನ್ ಸಿಟರ್ಸ್ ಮತ್ತು ಜೊತೆಗಾರರು ಜಿರಾಫೆಯ ಕತ್ತಿನ ನಾಳಕ್ಕೆ ಪುಟ್ಟ ಅಳತೆಗೋಲು ಅಳವಡಿಸಿ, ರೇಡಿಯೊ ಅಲೆಗಳ ಮೂಲಕ ದೂರದಲ್ಲಿ ಕೂತು ಅಂಕಿ ಪಡೆದರು. ಓಡಾಡುವ, ಮೇಯುವ, ಬಗ್ಗುವ ಜಿರಾಫೆಯ ಒತ್ತಡ ಗಳಿಗೆಗಳಿಗೆಗೂ ಏರಿಳಿಯುವುದು ಹಾಗೆ ದಾಖಲಾಯಿತು.

ಪುಟ್ಟ ಕೋಣೆ, ದಪ್ಪ ಗೋಡೆ

ಅಷ್ಟು ಒತ್ತಡ ಹುಟ್ಟಿಸುವ ಹೃದಯ ಎಷ್ಟು ದೊಡ್ಡದಿರಬೇಕು? ಮೈತೂಕಕ್ಕೆ ಹೋಲಿಸಿದರೆ ಜಿರಾಫೆಯ ಹೃದಯ ವಿಶೇಷ ದೊಡ್ಡದೇನಲ್ಲ. ಮೈತೂಕವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಅರ್ಧ ಪಾಲು, ಬೇರೆ ಸಸ್ತನಿಗಳಂತೆಯೇ. ದಕ್ಷಿಣ ಆಫ್ರಿಕಾದ ಗ್ರಹಾಂ ಮಿಚೆಲ್ ಮತ್ತು ಜಾನ್ ಸ್ಕಿನ್ನರ್ ಹಲವು ಜಿರಾಫೆಗಳ ಹೃದಯ ತೂಗಿ 2009ರಲ್ಲಿ ಇದನ್ನು ಖಚಿತಪಡಿಸಿದರು.

ವ್ಯತ್ಯಾಸ ಆಕಾರದಲ್ಲಿದೆ. ದೇಹಕ್ಕೆಲ್ಲ ನೆತ್ತರು ತಳ್ಳುವುದು ಹೃದಯದ ಎಡ ಕೆಳಕೋಣೆ. ಜಿರಾಫೆಯಲ್ಲಿ ಅದರ ಗೋಡೆ ಬಲು ದಪ್ಪ. ದೊಡ್ಡ ಗಂಡುಗಳಲ್ಲಿ ಏಳೆಂಟು ಸೆಂಟಿಮೀಟರಿನವರೆಗೂ ಹೋಗುತ್ತದೆ. ಕೋಣೆಯ ಒಳಗಿನ ಜಾಗ ಮಾತ್ರ ಚಿಕ್ಕದು. ಇದರ ಜಾಣತನವನ್ನು ಬೋರ್‌ವೆಲ್ಲಿನ ಪೈಪಿನಲ್ಲೇ ನೋಡಬಹುದು. ಗೋಡೆಯ ದಪ್ಪ ಒಂದೇ ಇರುವ ಎರಡು ಪೈಪುಗಳಲ್ಲಿ, ಒಂದಿಂಚಿನದು ತಡೆಯುವ ಒತ್ತಡಕ್ಕೆ ನಾಲ್ಕಿಂಚಿನದು ಸೀಳಿಹೋಗುತ್ತದೆ. ಪೊಳ್ಳು ಅಗಲವಾದಷ್ಟೂ ಗೋಡೆಯನ್ನು ಹರಿಯುವ ಎಳೆತ ಹೆಚ್ಚು. ಪೊಳ್ಳನ್ನು ಕಿರಿದು ಮಾಡಿ ಗೋಡೆಯನ್ನು ದಪ್ಪಗೆ ಮಾಡಿದರೆ ಒಳಗಿನ ಒತ್ತಡ ಎರಡರಷ್ಟಾದರೂ ಗೋಡೆಯ ಒಂದೊಂದು ಎಳೆಗೆ ಬೀಳುವ ಭಾರ ನಮ್ಮ ಹೃದಯದ ಎಳೆಗೆ ಬೀಳುವಷ್ಟೇ ಆಗುತ್ತದೆ. ಡೆನ್ಮಾರ್ಕಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನೇ ಹೇಳುತ್ತವೆ. ಇದಕ್ಕೆ ಬೆಲೆಯೂ ಇದೆ: ಚಿಕ್ಕ ಕೋಣೆಯಿಂದ ಒಂದು ಬಡಿತಕ್ಕೆ ಹೊರಬೀಳುವ ನೆತ್ತರು ಕಡಿಮೆ. ಹೆಚ್ಚು ಆಳದಿಂದ ಎತ್ತುವ ಮೋಟರು ಸಣ್ಣ ಧಾರೆ ಕೊಡುವಂತೆಯೇ.

ಮನುಷ್ಯರಲ್ಲಿ ವರ್ಷಗಟ್ಟಲೆ ಬಿ.ಪಿ. ಹೆಚ್ಚಿದ್ದರೆ ನಮ್ಮ ಹೃದಯದ ಗೋಡೆಯೂ ದಪ್ಪವಾಗುತ್ತದೆ. ಆದರೆ ಜೊತೆಗೆ ನಾರು ತುಂಬಿಕೊಂಡು ಗೋಡೆ ಗಡುಸಾಗಿ, ಬಡಿತದ ನಡುವೆ ಸಡಿಲಗೊಂಡು ನೆತ್ತರು ತುಂಬಿಸಿಕೊಳ್ಳಲಾರದ ಸ್ಥಿತಿಗೆ ಬರುತ್ತದೆ. ಜಿರಾಫೆಯ ದಪ್ಪ ಗೋಡೆ ಹಾಗೆ ಗಡುಸಾಗುವುದಿಲ್ಲ. ಹೃದ್ರೋಗ ತಜ್ಞರು ಈಚೆಗೆ ಈ ಪ್ರಾಣಿಯ ಕಡೆ ತಿರುಗಿರುವುದು ಈ ಕಾರಣಕ್ಕೆ.

ಇಳಿಯುವ ನೆತ್ತರು ಏರುವುದನ್ನು ಎಳೆಯಬಾರದೇ?

ಇಲ್ಲಿ ಚುರುಕಾದ ಓದುಗರೊಬ್ಬರು ಅಡ್ಡ ಕೇಳಬಹುದು. ಪೈಪಿನ ಒಂದು ತುದಿಯನ್ನು ತೊಟ್ಟಿಯಲ್ಲಿ ಅದ್ದಿ, ಬಾಯಿಂದ ಎಳೆದು ಇನ್ನೊಂದು ತುದಿಯನ್ನು ಕೆಳಕ್ಕೆ ಬಿಟ್ಟರೆ ನೀರು ತೊಟ್ಟಿಯ ಅಂಚನ್ನು ಏರಿ ತಾನೇ ಇಳಿಯುತ್ತದೆಯಲ್ಲ? ಇಳಿಯುವ ನೀರು ಏರುವ ನೀರನ್ನು ಎಳೆಯುತ್ತದೆ. ಜಿರಾಫೆಯ ಕತ್ತಿನಲ್ಲೂ ಒಂದು ನಾಳ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಹಾಗಾದರೆ ಹೃದಯ ಅಷ್ಟೂ ಭಾರವನ್ನು ಯಾಕೆ ಎತ್ತಬೇಕು?

ವಿಜ್ಞಾನಿಗಳೇ ಈ ಬಗ್ಗೆ ವರ್ಷಗಟ್ಟಲೆ ಜಗಳವಾಡಿದ್ದಾರೆ. ಆಸ್ಟ್ರೇಲಿಯಾದ ರೋಜರ್ ಸೀಮೋರ್ ಮತ್ತು ಸಂಗಡಿಗರು ಹೃದಯವೇ ಎತ್ತುತ್ತದೆ ಎಂಬ ಪಕ್ಷ. ನನಗೂ ಆ ಪಕ್ಷವೇ ಸರಿಯೆನಿಸುತ್ತದೆ, ಎರಡು ಕಾರಣಕ್ಕೆ. ಎಳೆತ ಕೆಲಸ ಮಾಡಬೇಕಾದರೆ ಇಳಿಯುವ ಕೊಳವೆ ಗಟ್ಟಿಯಾಗಿರಬೇಕು. ಹೃದಯಕ್ಕೆ ನೆತ್ತರು ತರುವ ಮರಳುನಾಳಗಳ (ಪಠ್ಯಪುಸ್ತಕದ ಅಭಿಧಮನಿ) ಗೋಡೆ ತೆಳು. ಎಳೆದರೆ ಅಂಟಿಕೊಂಡುಬಿಡುತ್ತವೆ. ನಮ್ಮದೇ ಕತ್ತನ್ನು ನೋಡಿ. ಮಲಗಿದಾಗ ಪಕ್ಕದ ನಾಳ ಉಬ್ಬಿ ಕಾಣುತ್ತದೆ, ನೆಟ್ಟಗೆ ಕೂತರೆ ಇಲ್ಲವಾಗುತ್ತದೆ. ಇನ್ನೊಂದು ಕಾರಣ ಇನ್ನೂ ನೇರ. ಎಳೆತದಿಂದಲೇ ಕೆಲಸ ನಡೆಯುವುದಾದರೆ ಎದೆಯಲ್ಲಿ ಇನ್ನೂರು ದಾಟಿದ ಒತ್ತಡ, ಅಂಗೈ ಅಗಲದ ಗೋಡೆ ಯಾವುದೂ ಬೇಕಿರಲಿಲ್ಲ.

ಸೀಮೋರ್ ಇದೇ ಲೆಕ್ಕವನ್ನು ಹಿಡಿದು ಉದ್ದ ಕತ್ತಿನ ಡೈನೋಸಾರುಗಳ ಬಗ್ಗೆಯೂ ವಾದಿಸಿದ್ದಾರೆ. ಅವು ಕತ್ತನ್ನು ನೆಟ್ಟಗೆ ಎತ್ತಿದ್ದರೆ ಬೇಕಾಗುತ್ತಿದ್ದ ಒತ್ತಡ ಯಾವ ಹೃದಯಕ್ಕೂ ಮೀರಿದ್ದು, ಹಾಗಾಗಿ ಅವು ಕತ್ತನ್ನು ಬಹುಪಾಲು ಅಡ್ಡಲಾಗಿ ಚಾಚಿಕೊಂಡೇ ಮೇಯುತ್ತಿದ್ದವು ಎಂಬುದು ಅವರ ನಿಲುವು. ಸಿನಿಮಾಗಳು ತೋರಿಸುವುದು ಬೇರೆ.

ಬಗ್ಗಿದಾಗ

ಇನ್ನು ಕಷ್ಟದ ಭಾಗ. ತಲೆ ಮೇಲಿರುವಾಗ ಆರೂವರೆ ಅಡಿ ಕಳೆಯುತ್ತಿತ್ತು. ತಲೆ ನೆಲಕ್ಕೆ ಬಂದಾಗ ಅದೇ ಲೆಕ್ಕ ತಿರುಗುಮುರುಗಾಗಿ ಕೂಡತೊಡಗುತ್ತದೆ. ಹೃದಯ ಮೊದಲಿನಷ್ಟೇ ಒತ್ತುತ್ತಿದ್ದರೆ ಮಿದುಳಿನ ಮಟ್ಟದಲ್ಲಿ ಒತ್ತಡ 350ರ ಹತ್ತಿರ ಹೋಗಬೇಕು.

ಹೋಗುವುದಿಲ್ಲ. ಯಾಕೆಂದರೆ ಹೃದಯ ಮೊದಲಿನಷ್ಟು ಒತ್ತುವುದೇ ಇಲ್ಲ. ಮತ್ತು ಬರಿಸಿದ ಜಿರಾಫೆಗಳ ತಲೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ ಡೆನ್ಮಾರ್ಕಿನ ತಂಡ ಮಾಡಿದ, 2009ರಲ್ಲಿ ಪ್ರಕಟವಾದ ಅಳತೆ ಈ ಅಧ್ಯಾಯದ ಎಲ್ಲ ಸಂಗತಿಗಳಲ್ಲೂ ನನಗೆ ಬಹಳ ಹಿಡಿಸಿದ್ದು. ತಲೆ ಕೆಳಗಿಳಿದಾಗ ಕತ್ತಿನ ದೊಡ್ಡ ಮರಳುನಾಳದಲ್ಲಿ ಒಂದು ಲೀಟರಿಗೂ ಹೆಚ್ಚು ನೆತ್ತರು ತುಂಬಿಕೊಂಡು ನಿಲ್ಲುತ್ತದೆ. ತಲೆ ಮೇಲಿದ್ದಾಗ ಅಂಟಿಕೊಂಡು ಬರಿದಾಗಿದ್ದ ನಾಳ ಈಗ ಕೆರೆಯಾಗಿಬಿಡುತ್ತದೆ. ಅಷ್ಟು ನೆತ್ತರು ಅಲ್ಲಿ ನಿಂತರೆ ಹೃದಯಕ್ಕೆ ಮರಳುವುದು ಕಡಿಮೆ. ಮರಳಿದ್ದು ಕಡಿಮೆಯಾದರೆ ತಳ್ಳುವುದೂ ಕಡಿಮೆ. ಎದೆಯಲ್ಲಿನ ಒತ್ತಡ ತಾನಾಗಿ ಇಳಿಯುತ್ತದೆ.

ಕಳೆ ಕೀಳುವವರಿಗೆ ಕಣ್ಣು ಕತ್ತಲೆ ಬರಿಸಿದ್ದೂ ಇದೇ ಸೂತ್ರವಲ್ಲವೇ? ಎಲ್ಲೋ ಒಂದು ಕಡೆ ನೆತ್ತರು ನಿಂತಿತು, ಹೃದಯಕ್ಕೆ ಬರುವುದು ಕಡಿಮೆಯಾಯಿತು, ಒತ್ತಡ ಕುಸಿಯಿತು. ನಮ್ಮಲ್ಲಿ ಅದು ತಲೆ ಏರಿದಾಗ, ಕಾಲಿನಲ್ಲಿ ಆಗುತ್ತದೆ, ಹಾಗಾಗಿ ತೊಂದರೆ. ಜಿರಾಫೆಯಲ್ಲಿ ತಲೆ ಇಳಿದಾಗ, ಕತ್ತಿನಲ್ಲಿ ಆಗುತ್ತದೆ, ಹಾಗಾಗಿ ರಕ್ಷಣೆ. ತಲೆ ಎತ್ತಿದ ಕೂಡಲೇ ಕೂಡಿಟ್ಟ ನೆತ್ತರೆಲ್ಲ ಒಮ್ಮೆಗೇ ಹೃದಯಕ್ಕೆ ಇಳಿದು ಬಂದು ಕೋಣೆ ತುಂಬುತ್ತದೆ. ಬೇಕಾದ ಹೊತ್ತಿಗೆ ಸರಿಯಾಗಿ ತಳ್ಳಲು ಸರಕು ಸಿದ್ಧ. ಜಿರಾಫೆ ತಲೆ ತಿರುಗಿ ಬೀಳದಿರುವುದಕ್ಕೆ ಇದು ದೊಡ್ಡ ಕಾರಣ.

ಕತ್ತಿನ ಮರಳುನಾಳದಲ್ಲಿ ಕವಾಟಗಳಿವೆ. ಬೋರ್‌ವೆಲ್ ಪೈಪಿಗೆ ಹಾಕಿಸುವ ಎನ್.ಆರ್. ವಾಲ್ವಿನಂತೆ ಒಂದೇ ಕಡೆಗೆ ಬಿಡುತ್ತವೆ. ಬಗ್ಗಿದಾಗ ದೇಹದ ನೆತ್ತರು ತಲೆಯ ಕಡೆ ಹಿಮ್ಮುಖವಾಗಿ ನುಗ್ಗದಂತೆ ತಡೆಯುತ್ತವೆ. ಇನ್ನೂ ಒಂದು ಭದ್ರತೆ ಮಿದುಳಿನ ಸುತ್ತಲೇ ಇದೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿದ್ರವವೊಂದು ತುಂಬಿದೆ. ಅದಕ್ಕೂ ತೂಕವಿದೆ, ತಲೆ ಇಳಿದಾಗ ಅದರ ಒತ್ತಡವೂ ಏರುತ್ತದೆ. ನಾಳದ ಒಳಗಿನಿಂದ ತಳ್ಳುವಷ್ಟನ್ನೇ ಹೊರಗಿನಿಂದಲೂ ಒತ್ತಿ ಹಿಡಿದರೆ ನಾಳಕ್ಕೆ ಒಡೆಯುವ ಭಯವಿಲ್ಲ. ಮುಂಗಾಲು ಅಗಲಿಸಿ ನಿಲ್ಲುವ ಆ ವಿಚಿತ್ರ ಭಂಗಿಯೂ ಬರೀ ಬಾಯಿ ನೀರಿಗೆ ಎಟುಕಲೆಂದಲ್ಲ. ಎದೆಯೂ ಕೆಳಗಿಳಿಯುವುದರಿಂದ ಹೃದಯಕ್ಕೂ ತಲೆಗೂ ನಡುವಣ ಎತ್ತರ ಕಡಿಮೆಯಾಗುತ್ತದೆ.

ಮಿದುಳಿನ ಬುಡದಲ್ಲಿರುವ ನಾಳಜಾಲದ ಬಗ್ಗೆ ಒಂದು ಮಾತು. ಈ ಬಳಗದ ಪ್ರಾಣಿಗಳಲ್ಲಿ ಮಿದುಳಿಗೆ ಹೋಗುವ ನಾಳ ನೇರವಾಗಿ ಒಳಹೋಗದೆ ಸಣ್ಣ ಸಣ್ಣ ಕವಲುಗಳ ಬಲೆಯಾಗಿ ಹೆಣೆದುಕೊಂಡು ಮತ್ತೆ ಒಂದಾಗುತ್ತದೆ. ಕುರಿಯಲ್ಲೂ ಉಂಟು, ಮೈದನಹಳ್ಳಿಯ ಕೃಷ್ಣಮೃಗದಲ್ಲೂ ಉಂಟು. ಜಿರಾಫೆಯ ಒತ್ತಡವನ್ನು ತಗ್ಗಿಸಲೆಂದೇ ಈ ಜಾಲ ಇರುವುದು ಎಂದು ಬಹಳ ಕಾಲ ಬರೆಯುತ್ತ ಬಂದರು. ಗಿಡ್ಡ ಕತ್ತಿನ ಕುರಿಗೂ ಇರುವುದನ್ನು ನೋಡಿದರೆ ಅದರ ಹಳೆಯ ಕಸುಬು ಬೇರೆಯೇ ಎಂದು ಹೊಳೆಯುತ್ತದೆ: ಮಿದುಳನ್ನು ತಂಪಾಗಿಡುವುದು. ಮೂಗಿನಲ್ಲಿ ಉಸಿರಾಟದಿಂದ ತಣಿದ ನೆತ್ತರು ಈ ಬಲೆಯ ಸುತ್ತ ಹರಿದು, ಮಿದುಳಿಗೆ ಹೋಗುವ ಬಿಸಿ ನೆತ್ತರಿನ ಕಾವು ಹೀರುತ್ತದೆ. ಆಫ್ರಿಕಾದ ಥಾಮ್ಸನ್ ಗೆಜೆಲ್ ಎಂಬ ಜಿಂಕೆಯನ್ನು ಓಡಿಸಿ ಟೇಲರ್ ಮತ್ತು ಲೈಮನ್ ಎಂಬ ವಿಜ್ಞಾನಿಗಳು 1972ರಲ್ಲಿ ತೋರಿಸಿದಂತೆ, ಮೈಯ ನೆತ್ತರು ಕಾದರೂ ಮಿದುಳು ಎರಡೂವರೆ ಡಿಗ್ರಿಗೂ ಹೆಚ್ಚು ತಂಪಾಗಿ ಉಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಜಯಮಂಗಲಿ ಬಯಲಿನ ಮೇಲೆ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಹಾರುವ ಕೃಷ್ಣಮೃಗಕ್ಕೆ ಅದರ ಬೆಲೆ ಗೊತ್ತು.

ಕಾಲಿನ ಕಷ್ಟ

ತಲೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಪಾದದ ಬಗ್ಗೆ ಯಾರೂ ಕೇಳುವುದಿಲ್ಲ. ನಿಜವಾಗಿ ಅತಿ ಹೆಚ್ಚು ಒತ್ತಡ ಬೀಳುವುದು ಅಲ್ಲಿ. ಹೃದಯದಿಂದ ಗೊರಸಿಗೆ ಇನ್ನೂ ಆರೂವರೆ ಅಡಿ. ಎದೆಯ 200ಕ್ಕೆ ಮತ್ತೊಂದು 155 ಸೇರಿದರೆ 350 ದಾಟಬೇಕು. ಅದೂ ನೀರು ಕುಡಿಯುವ ಒಂದೆರಡು ನಿಮಿಷವಲ್ಲ, ನಿಂತಿರುವಷ್ಟು ಹೊತ್ತೂ.

ನಮ್ಮಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರ ಗತಿ ನೋಡಿ. ಹೋಟೆಲಿನ ಅಡುಗೆಭಟ್ಟರು, ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು ಸಂಜೆಗೆ ಕಾಲು ಊದಿತು ಎನ್ನುತ್ತಾರೆ. ಮೀನಖಂಡದ ನಾಳಗಳು ನೀಲಿಯಾಗಿ ತಿರುಚಿಕೊಂಡು ಉಬ್ಬುತ್ತವೆ. ಸುಮ್ಮನೆ ನಿಂತ ಮನುಷ್ಯನ ಹಿಮ್ಮಡಿಯ ಹತ್ತಿರದ ಮರಳುನಾಳದಲ್ಲಿ ಒತ್ತಡ ಸುಮಾರು 90. ನಡೆಯತೊಡಗಿದರೆ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ನೆತ್ತರನ್ನು ಮೇಲಕ್ಕೆ ಕಳಿಸುವುದರಿಂದ ಅದು ಬಹಳಷ್ಟು ಇಳಿಯುತ್ತದೆ. ಅಂಥವರಿಗೆ ವೈದ್ಯರು ಬಿಗಿಯಾದ ಕಾಲುಚೀಲ ಹಾಕಿಕೊಳ್ಳಲು ಹೇಳುವುದೂ, ನಿಂತಲ್ಲೇ ನಿಲ್ಲಬೇಡಿ ಎನ್ನುವುದೂ ಇದಕ್ಕೇ.

ಜಿರಾಫೆಗೆ ಆ ಬಿಗಿ ಚೀಲ ಹುಟ್ಟಿನಿಂದಲೇ ಬಂದಿದೆ. ಅದರ ಕಾಲಿನ ಚರ್ಮ ಮತ್ತು ಚರ್ಮದಡಿಯ ಪದರ ದಪ್ಪವಾಗಿ, ಕೊಂಚವೂ ಹಿಗ್ಗದಂತೆ ಬಿಗಿದುಕೊಂಡಿದೆ. ಅಮೆರಿಕದ ಅಲನ್ ಹಾರ್ಗೆನ್ಸ್ ಮತ್ತು ಜೊತೆಗಾರರು 1987ರಲ್ಲಿ ಜಿರಾಫೆಯ ಕಾಲಿನ ಮಾಂಸದೊಳಗಿನ ಒತ್ತಡವನ್ನೇ ಅಳೆದು, ನಾಳದಿಂದ ನೀರು ಸೋರಿ ಕಾಲು ಊದದಂತೆ ಹೊರಗಿನ ಈ ಬಿಗಿತ ಹೇಗೆ ತಡೆಯುತ್ತದೆ ಎಂದು ತೋರಿಸಿದರು. ಹಾರ್ಗೆನ್ಸ್ ಕೆಲಸ ಮಾಡುತ್ತಿದ್ದುದು ಬಾಹ್ಯಾಕಾಶ ಸಂಸ್ಥೆ ನಾಸಾದ ಏಮ್ಸ್ ಕೇಂದ್ರದಲ್ಲಿ. ಅಲ್ಲಿನವರಿಗೂ ಇದೇ ಲೆಕ್ಕ ಬೇಕಿತ್ತು: ತೂಕವಿಲ್ಲದ ಕಡೆ ತಿಂಗಳುಗಟ್ಟಲೆ ಇದ್ದು ಮರಳುವ ಗಗನಯಾತ್ರಿಗಳು ಭೂಮಿಯ ಮೇಲೆ ಎದ್ದು ನಿಂತರೆ ತಲೆ ತಿರುಗಿ ಬೀಳುವುದುಂಟು. ಎತ್ತರದ ಲೆಕ್ಕವನ್ನು ಅವರ ನಾಳಗಳು ಮರೆತುಬಿಟ್ಟಿರುತ್ತವೆ.

ಹೃದಯದಿಂದ ಹೊರಡುವ ಹೋಗುನಾಳಗಳಲ್ಲೂ (ಪುಸ್ತಕದ ಅಪಧಮನಿ) ಏರ್ಪಾಡಿದೆ. ಕಾಲಿಗಿಳಿಯುವ ನಾಳ ಕೆಳಗೆ ಹೋದಂತೆ ಗೋಡೆ ದಪ್ಪ, ಒಳಗಂಡಿ ಕಿರಿದು. ಮೋಟರಿನ ಪಕ್ಕದ ತಳದ ಪೈಪು ಗಟ್ಟಿಯಿರಬೇಕೆಂಬ ಅದೇ ಲೆಕ್ಕ. ಕಾಲಿನ ಮೇಲ್ಭಾಗದಲ್ಲಿ ನಾಳ ಒಂದು ಕಡೆ ಥಟ್ಟನೆ ಕಿರಿದಾಗುತ್ತದೆ, ಅಲ್ಲಿ ಸ್ನಾಯು ಮತ್ತು ನರಗಳು ಹೇರಳವಾಗಿವೆ. ಬಿಗಿದರೆ ಆಚೆಗೆ ಹೋಗುವ ಒತ್ತಡವನ್ನು ತಗ್ಗಿಸಬಲ್ಲ ಜಾಗವದು.

ಕಿಡ್ನಿಯ ಕಥೆಯನ್ನು ಚುಟುಕಾಗಿ ಹೇಳಿದರೆ ಸಾಕು, ಉಪಾಯ ಕಾಲಿನದೇ. ಹೆಚ್ಚು ಬಿ.ಪಿ.ಯಿಂದ ಮನುಷ್ಯರಲ್ಲಿ ಬೇಗ ಕೆಡುವ ಅಂಗಗಳಲ್ಲಿ ಕಿಡ್ನಿ ಒಂದು. ಅದರೊಳಗಿನ ನವಿರಾದ ಜರಡಿಗಳು ಒತ್ತಡಕ್ಕೆ ಹರಿಯುತ್ತವೆ. ಜಿರಾಫೆಯ ಕಿಡ್ನಿಯ ಸುತ್ತ ಹಿಗ್ಗದ ಗಟ್ಟಿ ಹೊದಿಕೆಯಿದೆ. ಒಳಗಿನ ಊತಕದ ಒತ್ತಡವೇ ಮೇಲ್ಮಟ್ಟದಲ್ಲಿದ್ದು, ಜರಡಿಯ ನಾಳಗಳನ್ನು ಹೊರಗಿನಿಂದ ಆತು ಹಿಡಿದಿರುತ್ತದೆ. ಡೆನ್ಮಾರ್ಕಿನವರೇ 2015ರಲ್ಲಿ ಇದನ್ನು ಅಳೆದರು.

ಕತ್ತು ಬೆಳೆದಂತೆ

ಹದಿನೈದು ತಿಂಗಳು ಹೊತ್ತು ತಾಯಿ ಜಿರಾಫೆ ನಿಂತೇ ಹೆರುತ್ತದೆ. 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಟ್ಟಿಸಿದ ಮೈಸೂರಿನ ಮೃಗಾಲಯದಲ್ಲಿ ಇಂಥ ಹೆರಿಗೆಗಳು ಆಗುತ್ತ ಬಂದಿವೆ, ಅಲ್ಲಿನ ಜಿರಾಫೆಗಳು ಬೇರೆ ಮೃಗಾಲಯಗಳಿಗೂ ಹೋಗಿವೆ. ನೆಲಕ್ಕೆ ಬಿದ್ದ ಮರಿ ಆರು ಅಡಿ ಎತ್ತರ, ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಅದರ ಕತ್ತು ಇನ್ನೂ ಗಿಡ್ಡ, ಹೃದಯದ ಗೋಡೆಯೂ ಇನ್ನೂ ತೆಳು. ಮಿಚೆಲ್ ಮತ್ತು ಸ್ಕಿನ್ನರ್ ಅಳೆದ ಹೃದಯಗಳಲ್ಲಿ ಮರಿಯವೂ ಇದ್ದವು, ಮುದಿಯವೂ ಇದ್ದವು. ಕತ್ತು ಉದ್ದವಾದಷ್ಟೂ ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತ ಹೋಗಿರುವುದು ಅವುಗಳಲ್ಲಿ ಸ್ಪಷ್ಟ. ಬೋರ್ ಆಳವಾದಂತೆ ರೈತ ಹೊಸ ಮೋಟರು ತರಬೇಕು. ಜಿರಾಫೆಯ ದೇಹ ಇದ್ದ ಮೋಟರಿಗೇ ವರ್ಷವರ್ಷವೂ ಒಂದೊಂದು ಸ್ಟೇಜು ಸೇರಿಸುತ್ತ ಹೋಗುತ್ತದೆ.

ಈ ಒಗ್ಗುವಿಕೆಯ ಗುಟ್ಟಿನ ಒಂದು ತುಣುಕು ವಂಶವಾಹಿಗಳಲ್ಲಿ ಸಿಕ್ಕಿದೆ. ಜಿರಾಫೆಯ ವಂಶವಾಹಿಗಳನ್ನು ಅದರ ನೆಂಟರವುಗಳ ಜೊತೆ ಹೋಲಿಸಿದ ಸಂಶೋಧಕರು ಎಫ್.ಜಿ.ಎಫ್.ಆರ್.ಎಲ್.1 ಎಂಬ ವಂಶವಾಹಿಯೊಂದರಲ್ಲಿ ಜಿರಾಫೆಗೆ ಮಾತ್ರ ಇರುವ ಏಳು ಬದಲಾವಣೆಗಳನ್ನು ಗುರುತಿಸಿದರು. ಅದೇ ಬದಲಾವಣೆಗಳನ್ನು ಇಲಿಗಳಲ್ಲಿ ಮಾಡಿ, ಬಿ.ಪಿ. ಏರಿಸುವ ಔಷಧಿಯನ್ನು ನಾಲ್ಕು ವಾರ ಕೊಟ್ಟರು. ಸಾಮಾನ್ಯ ಇಲಿಗಳಲ್ಲಿ ಒತ್ತಡ ಏರಿತು, ಹೃದಯ ಮತ್ತು ಕಿಡ್ನಿಗೆ ಪೆಟ್ಟಾಯಿತು. ಜಿರಾಫೆಯ ಮಾದರಿಯ ವಂಶವಾಹಿ ಹೊತ್ತ ಇಲಿಗಳಲ್ಲಿ ಒತ್ತಡ ಹಾಗೆ ಏರಲಿಲ್ಲ, ಅಂಗಗಳಿಗಾದ ಹಾನಿಯೂ ಬಹಳ ಕಡಿಮೆ. ಜೊತೆಗೆ ಅವುಗಳ ಮೂಳೆ ಹೆಚ್ಚು ಗಟ್ಟಿಯಾಗಿತ್ತು. ಆ ಇಲಿಗಳ ಕತ್ತು ಮಾತ್ರ ಉದ್ದವಾಗಲಿಲ್ಲ. 2021ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಮುಂದಿಟ್ಟುಕೊಂಡು ಈಗ ಕೇಳುತ್ತಿರುವ ಪ್ರಶ್ನೆ ಮನುಷ್ಯರದು: ಒತ್ತಡವನ್ನು ಇಳಿಸುವ ಮಾತ್ರೆಗಳು ನಮ್ಮಲ್ಲಿವೆ, ಇರುವ ಒತ್ತಡದಲ್ಲೇ ಹೃದಯದ ಗೋಡೆ ಗಡುಸಾಗದಂತೆ, ಕಿಡ್ನಿಯ ಜರಡಿ ಹರಿಯದಂತೆ ಕಾಯುವ ಔಷಧಿಯನ್ನು ಈ ಒಂದು ವಂಶವಾಹಿಯ ಜಾಡಿನಲ್ಲಿ ಹುಡುಕಬಹುದೇ?